ಚೆಸ್ ಎಂಜಿನ್‌ನ ಸರ್ಚ್ ಎಕ್ಸ್‌ಟೆನ್ಶನ್ ಕೈಕೊಟ್ಟಾಗ: ಎಲ್ಲಿ ಹುಡುಕಬೇಕು, ಹೇಗೆ ಅಳೆಯಬೇಕು

ಕೆಲವು ಸಾಲುಗಳನ್ನು ಉಳಿದವಕ್ಕಿಂತ ಆಳವಾಗಿ ಹುಡುಕಿಸುವ ಸರ್ಚ್ ಎಕ್ಸ್‌ಟೆನ್ಶನ್ ಸೇರಿಸಿದ ಮೇಲೆ ಚೆಸ್ ಎಂಜಿನ್ ಮೊದಲಿಗಿಂತ ಕೆಟ್ಟದಾಗಿ ಆಡುತ್ತಿದೆ. 14ರ ಆಳಕ್ಕೆ ಹೋಗುತ್ತಿದ್ದದ್ದು 10ಕ್ಕೇ ನಿಂತುಬಿಡುತ್ತಿದೆ. ಇಲ್ಲವೇ, ಇಲ್ಲದ ಮೇಟ್ ಇದೆ ಅನ್ನುತ್ತಿದೆ. ಇಲ್ಲವೇ ಪಜಲ್‌ಗಳನ್ನೆಲ್ಲ ಚಕಚಕ ಬಿಡಿಸಿ, ಆಟಕ್ಕೆ ಕೂರಿಸಿದರೆ ಹಳೆಯ ಆವೃತ್ತಿಗೇ ಸೋಲುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಸಂಖ್ಯೆಗಳಿಗೆ. ಮಾರ್ಜಿನ್ (ಒಂದು ನಡೆ ಉಳಿದವಕ್ಕಿಂತ ಎಷ್ಟು ಮೇಲಿರಬೇಕು ಅನ್ನುವ ಅಂತರ) 2 ಇದ್ದದ್ದನ್ನು 3 ಮಾಡುವುದು, ಕನಿಷ್ಠ ಆಳ 6 ಇದ್ದದ್ದನ್ನು 8 ಮಾಡುವುದು.

ದಯವಿಟ್ಟು ಅದನ್ನು ಈಗಲೇ ಮಾಡಬೇಡಿ. ಕೋಡ್‌ನಲ್ಲಿ ಬಗ್ ಇರುವಾಗ ಸಂಖ್ಯೆ ತಿದ್ದಿದರೆ, ಆ ಸಂಖ್ಯೆ ಬಗ್‌ಗೇ ಹೊಂದಿಕೊಂಡುಬಿಡುತ್ತದೆ. ಮುಂದೆ ಬಗ್ ಸರಿಮಾಡಿದ ದಿನ ಎಂಜಿನ್ ಇನ್ನೂ ಕೆಟ್ಟದಾಗಿ ಆಡುತ್ತದೆ. ಆಗ ಸರಿಮಾಡಿದ್ದೇ ತಪ್ಪು ಅನ್ನಿಸುತ್ತದೆ. ಮೊದಲು ಯಂತ್ರ ಹೇಳಿದಂತೆ ಕೇಳುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಆಟಗಳನ್ನು ಆಡಿಸಿ. ಸಂಖ್ಯೆಗಳ ಸರದಿ ಕೊನೆಯದು.

ಎಕ್ಸ್‌ಟೆನ್ಶನ್ ಯಾಕೆ ಬೇಕು ಅನ್ನುವುದನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ನಿಗದಿತ ಆಳದಲ್ಲಿ ಸರ್ಚ್ ನಿಂತರೆ, ಅದರ ಮರುನಡೆಯಲ್ಲೇ ಆಗುವ ಅನಾಹುತ ಎಂಜಿನ್‌ಗೆ ಕಾಣುವುದಿಲ್ಲ. ಸುಮ್ನೆ ಒಂದೆರಡು ಚೆಕ್ ಕೊಟ್ಟು ಆ ಅನಾಹುತವನ್ನು ಆಳದಾಚೆ ತಳ್ಳಿ, ಪಾರಾದೆ ಅಂದುಕೊಳ್ಳುತ್ತದೆ. ಕಂಪ್ಯೂಟರ್ ಚೆಸ್ ಸಂಶೋಧಕ ಹ್ಯಾನ್ಸ್ ಬರ್ಲಿನರ್ ಇದನ್ನು 1973ರಲ್ಲಿ ಹೊರೈಜ಼ನ್ ಎಫೆಕ್ಟ್ ಎಂದು ಕರೆದರು. ಅಪಾಯದ ಸಾಲುಗಳಿಗೆ ಒಂದು ಪ್ಲೈ (ಒಂದು ಪಕ್ಷದ ಒಂದು ನಡೆ) ಹೆಚ್ಚು ಕೊಡುವುದು ಇದಕ್ಕೆ ಮದ್ದು. ಆದರೆ ಆ ಪ್ಲೈ ಪುಕ್ಕಟೆ ಬರುವುದಿಲ್ಲ. ಸಮಯ ಅಷ್ಟೇ ಇರುವುದರಿಂದ ಒಂದು ಸಾಲಿಗೆ ಕೊಟ್ಟ ಆಳ ಬೇರೆಲ್ಲ ಸಾಲುಗಳಿಂದ ಕಿತ್ತದ್ದು. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಕೊನೆಗೆ ಕೇಳುವುದು ಒಂದೇ: ಕೊಟ್ಟದ್ದು ಎಷ್ಟು, ಬಂದದ್ದು ಎಷ್ಟು?

ಮೊದಲು ಎರಡು ಸಲಕರಣೆ ಮಾಡಿಟ್ಟುಕೊಳ್ಳಿ

ಒಂದು, ಬೆಂಚ್. ಮೂವತ್ತೋ ನಲವತ್ತೋ ಬೇರೆ ಬೇರೆ ಥರದ ಸ್ಥಿತಿಗಳನ್ನು ಆರಿಸಿ. ಪ್ರತಿಯೊಂದನ್ನೂ ಒಂದೇ ಥ್ರೆಡ್‌ನಲ್ಲಿ, ಹ್ಯಾಶ್ ಟೇಬಲ್ (ಈಗಾಗಲೇ ನೋಡಿದ ಸ್ಥಿತಿಗಳ ಫಲಿತಾಂಶ ಕೂಡಿಡುವ ಜಾಗ) ಖಾಲಿ ಮಾಡಿ, ಒಂದು ನಿಗದಿತ ಆಳಕ್ಕೆ ಓಡಿಸಿ. ಒಟ್ಟು ನೋಡ್‌ಗಳ, ಅಂದರೆ ಸರ್ಚ್ ನೋಡಿದ ಸ್ಥಿತಿಗಳ, ಸಂಖ್ಯೆ ಅಚ್ಚು ಹಾಕಿ. ಎರಡು ಸಲ ಓಡಿಸಿದರೂ ಆ ಸಂಖ್ಯೆ ಒಂದಿಷ್ಟೂ ಬದಲಾಗಬಾರದು. ಬದಲಾದರೆ ಎಕ್ಸ್‌ಟೆನ್ಶನ್ ಮಾತು ಅಲ್ಲಿಗೇ ನಿಲ್ಲಿಸಿ. ಯಾವುದೋ ವೇರಿಯಬಲ್‌ಗೆ ಮೊದಲ ಬೆಲೆ ಕೊಟ್ಟಿಲ್ಲ, ಅಥವಾ ಹಿಸ್ಟರಿ ಟೇಬಲ್ (ಯಾವ ನಡೆಗಳು ಫಲ ಕೊಟ್ಟವು ಎಂಬ ಲೆಕ್ಕ) ಹಿಂದಿನ ಓಟದಿಂದ ಉಳಿದುಕೊಂಡಿದೆ. ಸ್ಟಾಕ್‌ಫಿಶ್ ಎಂಬ ಮುಕ್ತ ಎಂಜಿನ್‌ನಲ್ಲಿ ಕೋಡ್ ಬದಲಾವಣೆಯ ಟಿಪ್ಪಣಿಯ ಜೊತೆಗೇ ಈ ಬೆಂಚ್ ಸಂಖ್ಯೆ ಬರೆಯುವ ಪದ್ಧತಿ ಇದೆ. ಅದು ಬಹಳ ಒಳ್ಳೆಯ ಅಭ್ಯಾಸ. ಸುಮ್ನೆ ಕೋಡ್ ಚೊಕ್ಕ ಮಾಡಿದೆ ಅಂದುಕೊಂಡ ದಿನ ಸಂಖ್ಯೆ ಬದಲಾಗಿದ್ದರೆ, ನೀವು ಚೊಕ್ಕ ಮಾಡುವುದಕ್ಕಿಂತ ಜಾಸ್ತಿ ಏನೋ ಮಾಡಿದ್ದೀರಿ ಅಂತಲೇ ಅರ್ಥ.

ಇನ್ನೊಂದು, ಎಣಿಕೆ. ಪ್ರತಿ ಬಗೆಯ ಎಕ್ಸ್‌ಟೆನ್ಶನ್‌ಗೂ ಎರಡು ಕೌಂಟರ್ ಇಡಿ: ಎಷ್ಟು ಸಲ ಪರೀಕ್ಷೆ ಮಾಡಿತು, ಎಷ್ಟು ಸಲ ನಿಜಕ್ಕೂ ಆಳ ಕೊಟ್ಟಿತು. ಉಳಿದ ಆಳ ಎಷ್ಟಿದ್ದಾಗ ಕೊಟ್ಟಿತು ಎಂದು ಬೇರೆ ಬೇರೆಯಾಗಿ ಎಣಿಸಿದರೆ ಇನ್ನೂ ಒಳ್ಳೆಯದು. ಜೊತೆಗೆ ಪ್ರತಿ ಎಕ್ಸ್‌ಟೆನ್ಶನ್‌ಗೂ ಆನ್-ಆಫ್ ಸ್ವಿಚ್ ಇರಲಿ. ಎಲ್ಲವನ್ನೂ ಆಫ್ ಮಾಡಿದಾಗ ಹಳೆಯ ಬೆಂಚ್ ಸಂಖ್ಯೆಯೇ ಬರಬೇಕು. ಬಾರದಿದ್ದರೆ ತೊಂದರೆ ಎಕ್ಸ್‌ಟೆನ್ಶನ್‌ನದ್ದಲ್ಲ. ಅದನ್ನು ಸೇರಿಸುವಾಗ ಬೇರೆ ಏನನ್ನೋ ಮುಟ್ಟಿದ್ದೀರಿ.

ಲಕ್ಷಣ: ಆಳ ಏರುವುದೇ ನಿಂತುಹೋಗಿದೆ

ಯುಸಿಐ ಔಟ್‌ಪುಟ್‌ನಲ್ಲಿ (ಎಂಜಿನ್ ಹೊರಗೆ ಕೊಡುವ ವರದಿಯಲ್ಲಿ) ಡೆಪ್ತ್ 9 ಎಂದು ಇದೆ, ಪಕ್ಕದ ಸೆಲ್‌ಡೆಪ್ತ್ (ಅತಿ ಉದ್ದದ ಸಾಲು ಮುಟ್ಟಿದ ಆಳ) 90 ದಾಟಿದೆ. ಇದು ಸರ್ಚ್ ಸಿಡಿಯುವುದರ ಗುರುತು. ಸಾಮಾನ್ಯವಾಗಿ ಚೆಕ್ ಎಕ್ಸ್‌ಟೆನ್ಶನ್‌ನದೇ ಕೆಲಸ.

ಮೊದಲು ನೋಡಬೇಕಾದದ್ದು, ಒಂದೇ ಚೆಕ್‌ಗೆ ಎರಡು ಸಲ ಆಳ ಸಿಗುತ್ತಿದೆಯೇ ಎಂದು. ಚೆಕ್ ಕೊಡುವ ನಡೆ ಆಡುವಾಗ ಒಂದು ಪ್ಲೈ ಸೇರಿಸುತ್ತೀರಿ. ಮುಂದಿನ ನೋಡ್‌ಗೆ ಹೋದ ಮೇಲೆ, ರಾಜನಿಗೆ ಚೆಕ್ ಇದೆ ಅಂತ ಅಲ್ಲೂ ಒಂದು ಸೇರಿಸುತ್ತೀರಿ. ಎರಡು ಬೇರೆ ಫಂಕ್ಷನ್‌ಗಳಲ್ಲಿ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಹೀಗಾದಾಗ ಚೆಕ್ ಮತ್ತು ಅದಕ್ಕೆ ಉತ್ತರ ಎರಡೂ ಬಿಟ್ಟಿ. ರಾಣಿ ಹಲಗೆಯಲ್ಲಿ ಇರುವವರೆಗೂ ಆಳ ಇಳಿಯುವುದೇ ಇಲ್ಲ. ಎರಡರಲ್ಲಿ ಒಂದನ್ನು ತೆಗೆಯಿರಿ.

ಆಮೇಲೆ ಚೆಕ್‌ನ ಗುಣಮಟ್ಟ. ರಾಣಿಯನ್ನು ಪುಕ್ಕಟೆ ಕೊಟ್ಟು ಹಾಕುವ ಚೆಕ್‌ಗೂ ಆಳ ಕೊಡುತ್ತಿದ್ದರೆ, ಹೊರೈಜ಼ನ್ ಎಫೆಕ್ಟ್ ತಡೆಯಲು ಹೋಗಿ ಅದನ್ನೇ ಸಾಕಿದಂತಾಗುತ್ತದೆ. ಸೋಲುತ್ತಿರುವ ಪಕ್ಷ ಹತಾಶ ಚೆಕ್‌ಗಳನ್ನು ಹಾಕುತ್ತಾ ಹೋಗುತ್ತದೆ, ನೀವು ಪ್ರತಿಯೊಂದಕ್ಕೂ ಆಳ ಕೊಟ್ಟು ಪ್ರೋತ್ಸಾಹಿಸುತ್ತೀರಿ. ಎಸ್‌ಇಇ ಲೆಕ್ಕದಲ್ಲಿ, ಅಂದರೆ ಆ ಚೌಕದ ಹೊಡೆದಾಟವೆಲ್ಲ ಮುಗಿದ ಮೇಲೆ, ನಷ್ಟ ಬರದ ಚೆಕ್‌ಗಳಿಗಷ್ಟೇ ಕೊಡಿ. ನೋಡ್‌ಗಳು ಎಷ್ಟು ಇಳಿಯುತ್ತವೆ ಎಂದು ಬೆಂಚ್‌ನಲ್ಲೇ ಕಾಣುತ್ತದೆ.

ಮೂರನೆಯದು ಕಡಿವಾಣ. ರೂಟ್‌ನಿಂದ (ಸರ್ಚ್ ಶುರುವಾದ ಸ್ಥಿತಿಯಿಂದ) ಇಲ್ಲಿಯವರೆಗೆ ಬಂದ ಪ್ಲೈ, ಈಗಿನ ಸುತ್ತಿನ ಆಳದ ಎರಡು ಪಟ್ಟು ಮೀರಿದರೆ ಯಾವ ಎಕ್ಸ್‌ಟೆನ್ಶನ್ನೂ ಬೇಡ. ಇಷ್ಟು ಸರಳ ನಿಯಮವೇ ಬಹಳ ಕಡೆ ಸಾಕಾಗುತ್ತದೆ. ಎರಡು ಪ್ಲೈ ಕೊಡುವ ಡಬಲ್ ಎಕ್ಸ್‌ಟೆನ್ಶನ್ ಇದ್ದರೆ, ಒಂದು ಸಾಲಿನಲ್ಲಿ ಅದು ಎಷ್ಟು ಸಲ ಆಯಿತು ಎಂದು ಸ್ಟ್ಯಾಕ್‌ನಲ್ಲಿ ಎಣಿಸಿ ಮಿತಿ ಹಾಕಿ. ಮಿತಿ ಹಾಕಿದ ಮೇಲೂ ಗರಿಷ್ಠ ಪ್ಲೈ ಪರೀಕ್ಷೆ ಇರಲೇಬೇಕು, ಅದೂ ಕ್ಯೂಸರ್ಚ್‌ನಲ್ಲೂ (ಆಳ ಮುಗಿದ ಮೇಲೆ ಮುಖ್ಯವಾಗಿ ಹೊಡೆತಗಳನ್ನು ನೋಡುವ ಸರ್ಚ್). 128 ಜಾಗದ ಅರೇಯಲ್ಲಿ 129ನೆಯದಕ್ಕೆ ಬರೆದರೆ ಎಂಜಿನ್ ಕೂಡಲೇ ಬೀಳಬೇಕೆಂದಿಲ್ಲ. ಪಕ್ಕದ ಮೆಮೊರಿ ಕೆಡಿಸಿ, ಇನ್ನೆಲ್ಲೋ ವಿಚಿತ್ರ ನಡೆ ಆಡಿಸುತ್ತದೆ. ಅಂಥದ್ದನ್ನು ಹುಡುಕುವುದು ನಿಜಕ್ಕೂ ಹಿಂಸೆ. ಕಂಪೈಲರ್‌ನ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಒಮ್ಮೆ ಬೆಂಚ್ ಓಡಿಸಿದರೆ ತಕ್ಷಣ ಸಿಕ್ಕಿಬೀಳುತ್ತದೆ.

ಇಲ್ಲೇ ಒಂದು ಅಡ್ಡ ಪರೀಕ್ಷೆ ಹೇಳಿಬಿಡುತ್ತೇನೆ. ಫೈನ್ 70 ಎಂದು ಹೆಸರಾದ ಒಂದು ಕಾಲಾಳು ಅಂತ್ಯದಾಟ ಇದೆ. ಬಿಳಿಯ ರಾಜ ಎ1, ಕಾಲಾಳುಗಳು ಎ4, ಡಿ4, ಡಿ5, ಎಫ್4. ಕಪ್ಪಿನ ರಾಜ ಎ7, ಕಾಲಾಳುಗಳು ಎ5, ಡಿ6, ಎಫ್5. ಬಿಳಿಯ ಸರದಿ, ಗೆಲ್ಲುವ ನಡೆ ರಾಜ ಬಿ1ಕ್ಕೆ. ಹ್ಯಾಶ್ ಟೇಬಲ್ ಸರಿ ಇದ್ದರೆ ಎಂಜಿನ್ ಇಲ್ಲಿ ಕೆಲವೇ ಸೆಕೆಂಡಿನಲ್ಲಿ 20ಕ್ಕೂ ಹೆಚ್ಚು ಆಳ ಮುಟ್ಟುತ್ತದೆ. ಎಕ್ಸ್‌ಟೆನ್ಶನ್ ಹಾಕುವ ಮೊದಲು ಮುಟ್ಟುತ್ತಿದ್ದು, ಹಾಕಿದ ಮೇಲೆ ಮುಟ್ಟದಿದ್ದರೆ, ಸರ್ಚ್ ಸಿಡಿಯುತ್ತಿರುವುದಕ್ಕಿಂತ ಟೇಬಲ್‌ಗೆ ಕಸ ಬೀಳುತ್ತಿರುವ ಸಂಭವ ಜಾಸ್ತಿ. ಹಾಗಿದ್ದರೆ ಮುಂದಿನ ಭಾಗ ನಿಮಗಾಗಿಯೇ ಇದೆ.

ಲಕ್ಷಣ: ಸ್ಕೋರ್ ಜಿಗಿಯುತ್ತದೆ, ಇಲ್ಲದ ಮೇಟ್ ಕಾಣುತ್ತದೆ

ಸಿಂಗ್ಯುಲರ್ ಎಕ್ಸ್‌ಟೆನ್ಶನ್ ಹಾಕಿದವರಿಗೆ ಬರುವ ಕಾಯಿಲೆ ಇದು. ಹೆಚ್ಚು ಹೊತ್ತು ಇಲ್ಲೇ ನಿಲ್ಲೋಣ, ಯಾಕೆಂದರೆ ಇಂದಿನ ಎಂಜಿನ್‌ಗಳಲ್ಲಿ ಅತಿ ಹೆಚ್ಚು ಬಲ ಕೊಡುವುದೂ ಇದೇ, ಅತಿ ಹೆಚ್ಚು ಮರೆಯ ಬಗ್‌ಗಳಿರುವುದೂ ಇಲ್ಲೇ.

ಇದರ ಯೋಚನೆ ಹಳೆಯದು. 1988ರಲ್ಲಿ ಡೀಪ್ ಥಾಟ್ ಚೆಸ್ ಕಂಪ್ಯೂಟರ್ ಗುಂಪಿನ ಅನಂತರಾಮನ್, ಕ್ಯಾಂಪ್‌ಬೆಲ್ ಮತ್ತು ಶ್ಯೂ ಇದನ್ನು ಮುಂದಿಟ್ಟರು. ಒಂದು ನಡೆ ಮಿಕ್ಕೆಲ್ಲ ನಡೆಗಳಿಗಿಂತ ಎದ್ದು ಕಾಣುವಷ್ಟು ಚೆನ್ನಾಗಿದ್ದರೆ, ಆ ಸ್ಥಿತಿ ಆ ಒಂದು ನಡೆಯ ಮೇಲೇ ನಿಂತಿದೆ. ಹಾಗಾಗಿ ಅದನ್ನು ಇನ್ನಷ್ಟು ಆಳವಾಗಿ ನೋಡು ಎಂಬುದು ಅದರ ಸಾರ. ಇವತ್ತಿನ ಎಂಜಿನ್‌ಗಳು ಆ ನಡೆ ಯಾವುದೆಂದು ಹ್ಯಾಶ್ ಟೇಬಲ್‌ನಿಂದ ಕೇಳಿಕೊಳ್ಳುತ್ತವೆ. ಉದಾಹರಣೆಗೆ ಉಳಿದ ಆಳ 10, ಟೇಬಲ್ ನಡೆಯ ಸ್ಕೋರ್ +60 ಸೆಂಟಿಪಾನ್ (ಒಂದು ಕಾಲಾಳಿನ ಬೆಲೆ 100), ಮಾರ್ಜಿನ್ ಆಳದ ಎರಡು ಪಟ್ಟು ಅಂದರೆ 20. ಆ ನಡೆಯನ್ನು ಬದಿಗಿಟ್ಟು, ಉಳಿದ ನಡೆಗಳನ್ನು ಒಂದು ಕಳೆದ ಆಳದ ಅರ್ಧದಲ್ಲಿ (ಇಲ್ಲಿ 9ರ ಅರ್ಧ, ಭಿನ್ನ ಬಿಟ್ಟು 4), 40ರ ಗೆರೆ ಇಟ್ಟು ಹುಡುಕಿ. ಒಂದೂ 40 ಮುಟ್ಟದಿದ್ದರೆ ಟೇಬಲ್ ನಡೆ ಒಂಟಿ, ಅದಕ್ಕೆ ಒಂದು ಪ್ಲೈ ಕೊಡಿ.

ಕೇಳಲು ಸುಲಭ, ಅಲ್ವಾ? ಈಗ ಕೆಡುವ ಜಾಗಗಳನ್ನು ನೋಡೋಣ.

ಒಂದು ನಡೆ ಬದಿಗಿಟ್ಟು ಮಾಡಿದ ಸರ್ಚ್‌ನ ಫಲಿತಾಂಶ ಆ ಸ್ಥಿತಿಯ ನಿಜವಾದ ಬೆಲೆ ಅಲ್ಲ. ಅತ್ಯುತ್ತಮ ನಡೆಯೇ ಅದರಲ್ಲಿ ಇರಲಿಲ್ಲ. ಅದನ್ನು ಅದೇ ಕೀ ಅಡಿಯಲ್ಲಿ ಹ್ಯಾಶ್ ಟೇಬಲ್‌ಗೆ ಬರೆದರೆ, ಮುಂದೆ ಆ ಸ್ಥಿತಿಗೆ ಬಂದವರೆಲ್ಲ ಸುಳ್ಳು ಓದುತ್ತಾರೆ. ಹಾಗೇ ಓದುವಾಗಲೂ. ಬದಿಗಿಟ್ಟ ಸರ್ಚ್‌ನ ಒಳಗೆ ಟೇಬಲ್‌ನ ಸ್ಕೋರ್ ನಂಬಿ ಕೂಡಲೇ ಹಿಂತಿರುಗಿದರೆ, ಅದು ಯಾವ ನಡೆ ಬೇಡ ಅಂದಿರಿ ಅದರದ್ದೇ ಸ್ಕೋರ್. ಆಗ ಯಾವ ನಡೆಯೂ ಒಂಟಿ ಎಂದು ಸಾಬೀತಾಗುವುದೇ ಇಲ್ಲ. ಬರೆಯುವುದು ಬೇಡ, ಟೇಬಲ್‌ನಿಂದ ಕಟ್‌ಆಫ್ ತೆಗೆದುಕೊಳ್ಳುವುದೂ ಬೇಡ. ಅಲ್ಲಿ ನಲ್ ಮೂವ್ ಕೂಡ ಆಡಿಸಬೇಡಿ. ಬೇರೆ ಒಳ್ಳೆಯ ನಡೆ ಇದೆಯೇ ಎಂದು ನೀವು ಕೇಳುತ್ತಿರುವಾಗ, ಏನೂ ಆಡದೆ ಬಿಟ್ಟರೂ ಚೆನ್ನಾಗಿದೆ ಅನ್ನುವ ಉತ್ತರ ಪ್ರಶ್ನೆಗೆ ಸಂಬಂಧವಿಲ್ಲದ್ದು.

ಇನ್ನೊಂದು ಬಗ್ ಬಹಳ ನಾಜೂಕಿನದು. ಇರುವುದು ಒಂದೇ ನಡೆ, ಅದನ್ನೇ ಬದಿಗಿಟ್ಟಿದ್ದೀರಿ ಅನ್ನಿ. ಒಳಗಿನ ಸರ್ಚ್‌ಗೆ ಆಡಲು ನಡೆಯೇ ಇಲ್ಲ. ನಿಮ್ಮ ಕೋಡ್ ಏನು ಹೇಳುತ್ತದೆ? ಚೆಕ್ ಇದ್ದರೆ ಮೇಟ್, ಇಲ್ಲದಿದ್ದರೆ ಸ್ಟೇಲ್‌ಮೇಟ್, ಸ್ಕೋರ್ 0. ಮೇಟ್ ಎಂದು ಬಂದರೆ ಬಗ್ ಕಾಣುವುದೇ ಇಲ್ಲ. ಸ್ಕೋರ್ ಪಾತಾಳಕ್ಕೆ ಹೋಗಿ, ನಡೆ ಒಂಟಿ ಎಂದು ಸರಿಯಾಗೇ ತೀರ್ಮಾನ ಆಗುತ್ತದೆ. ಕೆಡುವುದು ಸ್ಟೇಲ್‌ಮೇಟ್ ಉತ್ತರದಲ್ಲಿ. ನೀವು −300ರಲ್ಲಿ ಸೋಲುತ್ತಿದ್ದೀರಿ, ಗೆರೆ −320. ಸುಳ್ಳು ಸ್ಟೇಲ್‌ಮೇಟ್ 0 ತಂದುಕೊಟ್ಟಿತು. 0 ಆ ಗೆರೆಗಿಂತ ಮೇಲೆ. ಹಾಗಾದರೆ ಬೇರೆ ಒಳ್ಳೆಯ ನಡೆ ಇದೆ ಎಂದು ಎಂಜಿನ್ ನಂಬುತ್ತದೆ. ಬೇರೆ ನಡೆ ಇದ್ದಾಗ ಟೇಬಲ್ ನಡೆಯ ಆಳ ಇಳಿಸುವ ನೆಗೆಟಿವ್ ಎಕ್ಸ್‌ಟೆನ್ಶನ್ ಇದ್ದರಂತೂ, ಇರುವ ಒಂದೇ ಒಂದು ನಡೆಯ ಆಳವನ್ನೇ ಕಡಿಮೆ ಮಾಡಿಬಿಡುತ್ತದೆ! ಕಾಲಾಳುಗಳು ಅಡ್ಡಗಟ್ಟಿಕೊಂಡ ಅಂತ್ಯದಾಟಗಳಲ್ಲಿ ಇದು ಕಾಣಿಸುತ್ತದೆ. ಮದ್ದು ಒಂದೇ ಸಾಲು: ಬದಿಗಿಟ್ಟ ನಡೆ ಇರುವಾಗ ಬೇರೆ ನಡೆ ಸಿಗದಿದ್ದರೆ ಮೇಟೂ ಬೇಡ, 0 ಕೂಡ ಬೇಡ, ಆಲ್ಫಾ (ಆ ಸರ್ಚ್‌ನ ಕೆಳಗಿನ ಗೆರೆ) ಹಿಂತಿರುಗಿಸಿ.

ಮೇಟ್ ಸ್ಕೋರ್‌ಗಳನ್ನೂ ಒಮ್ಮೆ ನೋಡಿ. ಟೇಬಲ್ ಸ್ಕೋರ್ ಮೇಟ್ ವ್ಯಾಪ್ತಿಯಲ್ಲಿದ್ದಾಗ ಅದರಿಂದ 20 ಕಳೆದರೆ, ಅದು ಇನ್ನೊಂದು ದೂರದ ಮೇಟ್‌ನ ಸಂಖ್ಯೆ ಆಗುತ್ತದೆ, ಮಾರ್ಜಿನ್ ಆಗುವುದಿಲ್ಲ. ಅಂಥ ಕಡೆ ಸಿಂಗ್ಯುಲರ್ ಪರೀಕ್ಷೆ ಮಾಡಲೇಬೇಡಿ. ಟೇಬಲ್ ಸ್ಕೋರ್‌ನ ಬಗೆಯೂ ಮುಖ್ಯ. ಅದು ಕೆಳಮಿತಿ ಅಥವಾ ನಿಖರ ಬೆಲೆ ಆಗಿರಬೇಕು. ಮೇಲ್ಮಿತಿ ಆಗಿದ್ದರೆ, ಆ ನಡೆ ಚೆನ್ನಾಗಿದೆ ಅನ್ನುವುದಕ್ಕೆ ಆಧಾರವೇ ಇಲ್ಲ.

ಕೊನೆಗೆ ಮನೆಗೆಲಸ. ಒಳಗಿನ ಸರ್ಚ್ ಅದೇ ಪ್ಲೈನಲ್ಲಿ ನಡೆಯುವುದರಿಂದ, ಆ ಪ್ಲೈನ ಸ್ಟ್ಯಾಕ್‌ನಲ್ಲಿದ್ದ ಕಿಲ್ಲರ್ ನಡೆ (ಅದೇ ಪ್ಲೈನಲ್ಲಿ ಹಿಂದೆ ಫಲ ಕೊಟ್ಟದ್ದು), ಪಿವಿ ಸಾಲು (ಈವರೆಗಿನ ಅತ್ಯುತ್ತಮ ಸಾಲು), ನಡೆಗಳ ಪಟ್ಟಿ ಎಲ್ಲವನ್ನೂ ತುಳಿಯಬಹುದು. ಹೊರಗೆ ಬಂದ ಮೇಲೆ ಬದಿಗಿಟ್ಟ ನಡೆಯ ಗುರುತನ್ನು ಅಳಿಸಲು ಮರೆತರೆ, ಮುಂದಿನ ನೋಡ್‌ಗಳಲ್ಲೂ ಆ ನಡೆ ಮಾಯವಾಗಿರುತ್ತದೆ. ಕಣ್ಣಿಗೆ ಕಾಣುವ ಮೇಟ್ ತಪ್ಪಿಸಿಕೊಂಡು ಹೋದರೆ ಮೊದಲು ಇದನ್ನೇ ಅನುಮಾನಿಸಿ. ಒಳಗಿನ ಸರ್ಚ್‌ನ ಅದೇ ನೋಡ್‌ನಲ್ಲಿ ಮತ್ತೆ ಸಿಂಗ್ಯುಲರ್ ಪರೀಕ್ಷೆ ಆಗಬಾರದು, ರೂಟ್‌ನಲ್ಲೂ ಬೇಡ.

ಲಕ್ಷಣ: ಏನೂ ಬದಲಾಗಲೇ ಇಲ್ಲ

ಆನ್ ಮಾಡಿದರೂ ಆಫ್ ಮಾಡಿದರೂ ಬೆಂಚ್ ಒಂದೇ. ಕೌಂಟರ್ ನೋಡಿ. ಪರೀಕ್ಷೆಯ ಎಣಿಕೆ 0 ಇದ್ದರೆ ಷರತ್ತು ಎಂದೂ ಈಡೇರುತ್ತಿಲ್ಲ. ಬೆಂಚ್ ಆಳ 7, ಸಿಂಗ್ಯುಲರ್‌ನ ಕನಿಷ್ಠ ಆಳ 8 ಎಂದಿದ್ದರೆ ಹೀಗಾಗುವುದು ಸಹಜ. ಟೇಬಲ್‌ನ ಆಳ ಈಗಿನ ಆಳದಷ್ಟೇ ಇರಬೇಕು ಎಂದು ಬಿಗಿಯಾಗಿ ಕೇಳಿದರೂ ಹೀಗೇ. ಹಂತಹಂತವಾಗಿ ಆಳ ಏರಿಸುವಾಗ ಟೇಬಲ್‌ನಲ್ಲಿ ಸಿಗುವುದು ಹಿಂದಿನ ಸುತ್ತಿನ ನಮೂದು. ಅದಕ್ಕೇ ಮೂರು ಪ್ಲೈ ಕಡಿಮೆ ಇದ್ದರೂ ಒಪ್ಪಿಕೊಳ್ಳುವುದು ವಾಡಿಕೆ.

ಎಣಿಕೆ ಏರುತ್ತಿದ್ದೂ ಫಲ ಇಲ್ಲದಿದ್ದರೆ, ಎಲ್‌ಎಮ್‌ಆರ್ ರಿಡಕ್ಷನ್, ಅಂದರೆ ಪಟ್ಟಿಯ ಹಿಂದಿನ ನಡೆಗಳ ಆಳ ಇಳಿಸುವುದನ್ನು, ನೋಡಿ. ಎಕ್ಸ್‌ಟೆನ್ಶನ್ ಒಂದು ಪ್ಲೈ ಕೊಟ್ಟಿತು, ಅದೇ ನಡೆಗೆ ರಿಡಕ್ಷನ್ ಎರಡು ಕಿತ್ತುಕೊಂಡಿತು. ಹೊಸ ಆಳ ಅಂದರೆ ಆಳ − 1 + ಎಕ್ಸ್‌ಟೆನ್ಶನ್. ಈ ಲೆಕ್ಕ ಒಂದೇ ಜಾಗದಲ್ಲಿ ಆಗಲಿ. ಕಿರಿದಾದ ಕಿಂಡಿಯ (ಸ್ಕೋರ್ ವ್ಯಾಪ್ತಿಯ) ಮೊದಲ ಸರ್ಚ್ ಮತ್ತು ಪೂರ್ಣ ಕಿಂಡಿಯ ಮರುಸರ್ಚ್ ಎರಡೂ ಅದನ್ನೇ ಬಳಸಲಿ. ಮರುಸರ್ಚ್‌ನಲ್ಲಿ ಎಕ್ಸ್‌ಟೆನ್ಶನ್ ಬಿಟ್ಟುಹೋದರೆ, ಮೊದಲು ಒಳ್ಳೆಯದು ಅಂದ ನಡೆಯನ್ನು ಮರುಕ್ಷಣ ಕೆಟ್ಟದ್ದು ಅನ್ನುವ ಚಂಚಲತೆ ಶುರುವಾಗುತ್ತದೆ.

ಲಕ್ಷಣ: ಪಜಲ್ ಗೆಲ್ಲುತ್ತದೆ, ಆಟ ಸೋಲುತ್ತದೆ

ವಿನ್ ಅಟ್ ಚೆಸ್ ಎಂಬ ಪಜಲ್ ಪುಸ್ತಕದ 300 ಸ್ಥಿತಿಗಳು ಹೊಡೆದಾಟದ ಸ್ಥಿತಿಗಳು. ಚೆಕ್, ಬಲಿ, ಮೇಟ್ ಇವೇ ಅಲ್ಲಿ ತುಂಬಿವೆ. ಎಲ್ಲ ಚೆಕ್‌ಗೂ ಆಳ ಕೊಟ್ಟರೆ ಅಂಕ ಏರುವುದರಲ್ಲಿ ಆಶ್ಚರ್ಯ ಇಲ್ಲ. ಆಟದ ಬಹುಪಾಲು ಸ್ಥಿತಿಗಳು ಹಾಗಿರುವುದಿಲ್ಲ. ಹಿಂದೆ ಬಿಡಿಸುತ್ತಿದ್ದ ಪಜಲ್ ಈಗ ತಪ್ಪಿದರೆ ಬಗ್ ಇರಬಹುದು ಎಂಬ ಎಚ್ಚರಿಕೆ ಅಷ್ಟೇ ಆ ಪಟ್ಟಿಯಿಂದ ತೆಗೆದುಕೊಳ್ಳಿ. ಬಲ ಅಳೆಯಲು ಅದು ಬೇಡ.

ಕಾರಣ ಹಿಡಿಯಲು ನನಗೆ ಅತಿ ಇಷ್ಟವಾದ ವಿಧಾನ, ಹೊಸದು-ಹಳೆಯದನ್ನು ಮೂರು ಬಗೆಯಲ್ಲಿ ಆಡಿಸುವುದು. ಮೊದಲು ಎರಡಕ್ಕೂ ಒಂದೇ ಆಳ. ಇಲ್ಲಿ ಎಕ್ಸ್‌ಟೆನ್ಶನ್ ಇರುವುದು ಗೆಲ್ಲಲೇಬೇಕು, ಅದು ಹೆಚ್ಚು ನೋಡ್ ನೋಡುತ್ತದೆ. ಗೆದ್ದರೆ ಸಂಭ್ರಮ ಬೇಡ. ಸೋತರೆ ಮಾತ್ರ ಖಂಡಿತ ಬಗ್ ಇದೆ. ಆಮೇಲೆ ಪ್ರತಿ ನಡೆಗೂ ಒಂದೇ ನೋಡ್ ಲೆಕ್ಕ. ಇಲ್ಲಿ ಸೋತರೆ, ಕೊಟ್ಟ ಆಳ ತಪ್ಪು ಸಾಲುಗಳಿಗೆ ಹೋಗುತ್ತಿದೆ. ಕೊನೆಗೆ ಗಡಿಯಾರ. ನೋಡ್ ಲೆಕ್ಕದಲ್ಲಿ ಗೆದ್ದು ಗಡಿಯಾರದಲ್ಲಿ ಸೋತರೆ ಯೋಚನೆ ಸರಿ, ಕೋಡ್ ನಿಧಾನ. ಪ್ರತಿ ನಡೆಯೂ ಚೆಕ್ ಕೊಡುತ್ತದೆಯೇ ಎಂದು ತಿಳಿಯಲು ನಡೆಯನ್ನು ಆಡಿ ವಾಪಸ್ ತೆಗೆಯುತ್ತಿದ್ದೀರೋ ಏನೋ, ಪ್ರೊಫೈಲರ್ ಹಾಕಿ ನೋಡಿ.

ಸಮಯ ಮುಗಿದು ಸೋಲುತ್ತಿದ್ದರೆ, ಗಡಿಯಾರ ನೋಡುವ ಕೆಲಸ ಒಂದು ಸುತ್ತು ಮುಗಿದ ಮೇಲೆ ಮಾತ್ರ ಆಗುತ್ತಿದೆಯೇ ನೋಡಿ. ಒಂದೆರಡು ಸಾವಿರ ನೋಡ್‌ಗೆ ಒಮ್ಮೆ ನೋಡಲಿ, ಬದಿಗಿಟ್ಟ ಸರ್ಚ್‌ನ ಒಳಗೂ ನೋಡಲಿ.

ಆಟಗಳಲ್ಲಿ ಅಳೆಯುವುದು

ನೂರು ಆಟ ಆಡಿಸಿ ತೀರ್ಪು ಕೊಡುವುದು ಬೇಡ. ಅರ್ಧದಷ್ಟು ಡ್ರಾ ಆಗುತ್ತವೆ ಅಂದುಕೊಂಡರೆ, 100 ಆಟಕ್ಕೆ ಅನಿಶ್ಚಿತತೆ ಆಚೀಚೆ ಸುಮಾರು 48 ಈಲೋ (ಆಟದ ಬಲ ಅಳೆಯುವ ಅಂಕ). 1,000 ಆಟಕ್ಕೆ ಸುಮಾರು 15. 10,000 ಆಡಿಸಿದರೂ ಸುಮಾರು 5 ಉಳಿಯುತ್ತದೆ. ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ತಿದ್ದುಪಡಿ ಬಹಳ ಸಲ ಅದಕ್ಕಿಂತ ಕಡಿಮೆ ಕೊಡುತ್ತದೆ.

ಅದಕ್ಕೇ ಎಸ್‌ಪಿಆರ್‌ಟಿ ಬಳಸುತ್ತಾರೆ: ಸಾಕಷ್ಟು ಸಾಕ್ಷ್ಯ ಸಿಕ್ಕ ಕೂಡಲೇ ಆಟ ನಿಲ್ಲಿಸಿ ತೀರ್ಪು ಕೊಡುವ ವಿಧಾನ. ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪಿಸಿದ ಪರೀಕ್ಷೆ ಇದು. 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಸ್ಟಾಕ್‌ಫಿಶ್‌ಗಾಗಿ ಶುರುಮಾಡಿದ ಪರೀಕ್ಷಾ ವ್ಯವಸ್ಥೆ ಫಿಶ್‌ಟೆಸ್ಟ್ ಕೂಡ ಇದರ ಮೇಲೇ ನಡೆಯುತ್ತದೆ. ಬೆಳೆಯುತ್ತಿರುವ ಎಂಜಿನ್‌ಗೆ 0 ಮತ್ತು 5 ಈಲೋ ಗಡಿ, ಎರಡೂ ಕಡೆ ಶೇಕಡಾ 5 ತಪ್ಪಿನ ಅವಕಾಶ ಇಡಿ. ಎಲ್‌ಎಲ್‌ಆರ್ (ಸಾಕ್ಷ್ಯ ಯಾವ ಕಡೆ ಎಷ್ಟು ವಾಲಿದೆ ಎಂಬ ಲೆಕ್ಕ) +2.94 ಮುಟ್ಟಿದರೆ ಪಾಸ್, −2.94 ಮುಟ್ಟಿದರೆ ಫೇಲ್. ನಡುವೆ ಚೆನ್ನಾಗಿ ಕಂಡಿತೆಂದು ನಿಲ್ಲಿಸಬೇಡಿ. ಎಂಜಿನ್‌ಗಳನ್ನು ಆಡಿಸುವ ಕ್ಯೂಟ್‌ಚೆಸ್ ಅಥವಾ ಫಾಸ್ಟ್‌ಚೆಸ್ ತಂತ್ರಾಂಶ ಇದನ್ನು ತಾನೇ ಲೆಕ್ಕ ಹಾಕುತ್ತದೆ. ಓಪನಿಂಗ್ ಪುಸ್ತಕ ಕೊಡಿ, ಪ್ರತಿ ಓಪನಿಂಗನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಿ. ಒಟ್ಟಿಗೆ ಆಡಿಸುವ ಆಟಗಳು ನಿಮ್ಮ ಪ್ರೊಸೆಸರ್‌ನ ನಿಜವಾದ ಕೋರ್‌ಗಳಿಗಿಂತ ಹೆಚ್ಚಾಗದಿರಲಿ. ಲ್ಯಾಪ್‌ಟಾಪ್ ಬಿಸಿಯಾಗಿ ವೇಗ ಇಳಿದರೂ ಫಲಿತಾಂಶ ಅಲುಗಾಡುತ್ತದೆ.

ಕಾಲಮಿತಿಯ ವಿಷಯದಲ್ಲಿ ಎಕ್ಸ್‌ಟೆನ್ಶನ್‌ಗೆ ವಿಶೇಷ ಗಮನ ಬೇಕು. ಫಿಶ್‌ಟೆಸ್ಟ್‌ನಲ್ಲಿ ಮೊದಲು 10 ಸೆಕೆಂಡ್ ಮತ್ತು ನಡೆಗೆ 0.1, ಪಾಸಾದರೆ 60 ಸೆಕೆಂಡ್ ಮತ್ತು ನಡೆಗೆ 0.6ರಲ್ಲಿ ಆಡಿಸುವುದು ರೂಢಿ. ಉಳಿದ ಆಳ ಕನಿಷ್ಠ 8 ಇದ್ದಾಗಷ್ಟೇ ಕೆಲಸ ಮಾಡುವ ಸಿಂಗ್ಯುಲರ್ ಎಕ್ಸ್‌ಟೆನ್ಶನ್, ನಿಮ್ಮ ಎಂಜಿನ್ ಹತ್ತರ ಆಳಕ್ಕೆ ಏದುಸಿರು ಬಿಡುವ ವೇಗದಾಟದಲ್ಲಿ ತನ್ನ ಗುಣ ತೋರಿಸಲಾರದು. ವೇಗದಾಟದಲ್ಲಿ ಸ್ವಲ್ಪದರಲ್ಲಿ ಫೇಲಾದ ಸಿಂಗ್ಯುಲರ್ ತಿದ್ದುಪಡಿಯನ್ನು ಎಸೆಯುವ ಮೊದಲು ನಿಧಾನದಾಟದಲ್ಲಿ ಒಮ್ಮೆ ನೋಡಿ.

ಈಗ ಸಂಖ್ಯೆಗಳು

ಇಷ್ಟೆಲ್ಲ ಆದ ಮೇಲೆ ಮಾರ್ಜಿನ್ ಮುಟ್ಟಿ. ಒಂದು ಸಲಕ್ಕೆ ಒಂದೇ ಸಂಖ್ಯೆ, ಅದೂ ದೊಡ್ಡ ಹೆಜ್ಜೆಯಲ್ಲಿ. 2 ಇದ್ದದ್ದು 4 ಆಗಲಿ, 1 ಆಗಲಿ. 2ರಿಂದ 2.2ಕ್ಕೆ ಹೋದರೆ ಬರುವ ವ್ಯತ್ಯಾಸವನ್ನು ನಿಮ್ಮ ಮನೆಯ ಕಂಪ್ಯೂಟರ್ ಅಳೆಯಲಾರದು. ಮಾರ್ಜಿನ್ ಚಿಕ್ಕದಾದರೆ ಹೆಚ್ಚು ನಡೆಗಳು ಒಂಟಿ ಆಗುತ್ತವೆ, ಆಳ ಕುಸಿಯುತ್ತದೆ. ದೊಡ್ಡದಾದರೆ ಅಪರೂಪಕ್ಕೊಮ್ಮೆ ಕೊಡುತ್ತದೆ, ಆದರೆ ಪರೀಕ್ಷೆಯ ಖರ್ಚು ಹಾಗೇ ಉಳಿಯುತ್ತದೆ. ಕೌಂಟರ್‌ಗಳ ಅನುಪಾತ ನೋಡುತ್ತಾ ಹೋದರೆ ಯಾವ ಕಡೆ ಸರಿಯಬೇಕೆಂದು ಅಂದಾಜು ಸಿಗುತ್ತದೆ. ಸಂಖ್ಯೆಗಳು ಬಹಳ ಆದಾಗ ಎಸ್‌ಪಿಎಸ್‌ಎ ವಿಧಾನ ಇದೆ, ಎಲ್ಲವನ್ನೂ ಒಟ್ಟಿಗೆ ಅಲುಗಿಸಿ ದಾರಿ ಹುಡುಕುತ್ತದೆ. ಅದಕ್ಕೆ ಹತ್ತಾರು ಸಾವಿರ ಆಟ ಬೇಕು. ಅದು ಕೊಟ್ಟ ಸಂಖ್ಯೆಗಳನ್ನೂ ಮತ್ತೆ ಎಸ್‌ಪಿಆರ್‌ಟಿಯಲ್ಲಿ ನೋಡಿಯೇ ಒಪ್ಪಿಕೊಳ್ಳಿ.

ಸಿಂಗ್ಯುಲರ್ ಎಕ್ಸ್‌ಟೆನ್ಶನ್ ಪಾಸಾದ ಮೇಲೆ ಹಳೆಯವನ್ನು ಒಂದೊಂದಾಗಿ ತೆಗೆದು ನೋಡಿ: ಹೊಡೆದ ಚೌಕದಲ್ಲೇ ತಿರುಗಿ ಹೊಡೆದರೆ ಕೊಡುವುದು, ಕಾಲಾಳು ಏಳನೇ ಸಾಲಿಗೆ ಹೋದರೆ ಕೊಡುವುದು, ಒಂದೇ ನಡೆ ಇದ್ದರೆ ಕೊಡುವುದು. ಒಂಟಿ ನಡೆಯನ್ನು ಸಿಂಗ್ಯುಲರ್ ತಾನೇ ಗುರುತಿಸುವುದರಿಂದ ಇವುಗಳ ಕೆಲಸದ ದೊಡ್ಡ ಪಾಲು ಅದರಲ್ಲೇ ಆಗಿಹೋಗುತ್ತದೆ. ನಾನಾದರೆ ತಿರುಗಿ ಹೊಡೆಯುವುದಕ್ಕೆ ಕೊಡುವ ಆಳವನ್ನು ಮೊದಲು ತೆಗೆಯುತ್ತೇನೆ. ತೆಗೆಯುವ ಪರೀಕ್ಷೆಗೆ ಗಡಿ −5 ಮತ್ತು 0 ಈಲೋ ಇಡಿ. ಪಾಸಾದರೆ ಆ ಕೋಡ್ ಅಳಿಸಿ, ಹೊಸ ಬೆಂಚ್ ಸಂಖ್ಯೆ ಬರೆದಿಟ್ಟು, ಮುಂದಿನದನ್ನು ಹಿಡಿಯಿರಿ.